ಮಳೆಗಾಲದಲ್ಲಿ ಕಟ್ಟಿಹಾಕಿದ ನಾಯಿಯ ಬುದ್ಧಿಗೆ ಕೆಲಸ ಕೊಡುವುದು ಹೇಗೆ?

ಪ್ರಶ್ನೆ: ತೋಟದಂಚು, ಬದಿಯಡ್ಕ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಎರಡು ವರ್ಷ ಪ್ರಾಯದ ಗಂಡು ನಾಯಿಯೊಂದನ್ನು ಸಾಕುತ್ತಿದ್ದೇವೆ. ತಾಯಿ ಊರ ನಾಯಿ, ತಂದೆ ಲ್ಯಾಬ್ರಡಾರ್ ಎಂದು ಮರಿ ಕೊಟ್ಟವರು ಹೇಳಿದ್ದರು. ಈ ಕಡೆಯ ಹೆಚ್ಚಿನ ಮನೆಗಳ ಕ್ರಮದಂತೆ ಹಗಲು ಕಟ್ಟಿಹಾಕಿ, ರಾತ್ರಿ ಗೇಟು ಮುಚ್ಚಿದ ಬಳಿಕ ಅಂಗಳಕ್ಕೆ ಬಿಡುತ್ತೇವೆ. ಬೇಸಿಗೆಯಲ್ಲಿ ಸಂಜೆ ಹೊತ್ತು ತೋಟದ ಬದಿಗೆ ಕರೆದುಕೊಂಡು ಹೋಗುವ ರೂಢಿಯಿದ್ದುದರಿಂದ ಅಷ್ಟೇನೂ ತೊಂದರೆ ಕಾಣುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಆ ನಡಿಗೆಯೂ ತಪ್ಪಿತು. ಈಗ ಅದು ಬಾಯಿಗೆ ಸಿಕ್ಕಿದ್ದನ್ನೆಲ್ಲ ಕಚ್ಚಿ ಹರಿಯುತ್ತಿದೆ. ಸ್ಪ್ರಿಂಕ್ಲರಿನ ಪೈಪಿನ ತುದಿ, ಒಣಗಲು ಹಾಕಿದ ಗೋಣಿ, ಜಗಲಿಯ ಚಪ್ಪಲಿ, ಯಾವುದನ್ನೂ ಉಳಿಸಿಲ್ಲ. ನವಿಲು ಕೂಗಿದರೂ ಮಂಗಗಳು ತೆಂಗಿನ ಮರಕ್ಕೆ ಬಂದರೂ ಬೊಗಳು ನಿಲ್ಲುವುದೇ ಇಲ್ಲ. ಬೊಗಳದ ಹೊತ್ತಿನಲ್ಲಿ ಸಂಕೋಲೆಗೆ ಎಟುಕುವಷ್ಟು ಜಾಗದಲ್ಲಿ ಒಂದೇ ದಿಕ್ಕಿಗೆ ಸುತ್ತುತ್ತಿರುತ್ತದೆ.

ಪಶುವೈದ್ಯರಿಗೆ ತೋರಿಸಿದೆವು. ಕಾಯಿಲೆಯೇನೂ ಇಲ್ಲ, ಅದಕ್ಕೆ ಬೇಸರವಾಗಿದೆ, ಬುದ್ಧಿಗೆ ಏನಾದರೂ ಕೆಲಸ ಕೊಡಿ ಎಂದು ಅವರು ಹೇಳಿದರು. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಸಲಹೆಗಳೆಲ್ಲ ಅಂಗಡಿಯ ಆಟಿಕೆಗಳನ್ನೂ ಒಣ ಕಾಳಿನಂತಹ ಸಿದ್ಧ ಆಹಾರವನ್ನೂ ನಂಬಿಕೊಂಡಿವೆ. ನಮ್ಮದು ಸಸ್ಯಾಹಾರದ ಮನೆ. ನಾಯಿಗೂ ಕುಚ್ಚಲಕ್ಕಿ ಅನ್ನ, ಮಜ್ಜಿಗೆ, ಕೆಲವೊಮ್ಮೆ ದೋಸೆ, ಇಡ್ಲಿ. ಕಾಳುಗಳನ್ನು ಚೆಲ್ಲಿ ಹುಡುಕಿಸಬಹುದು, ಮಜ್ಜಿಗೆ ಅನ್ನವನ್ನು ಹುಡುಕಿಸುವುದು ಹೇಗೆ? ಮನೆಯಲ್ಲಿ, ತೋಟದಲ್ಲಿ ಸಿಗುವ ವಸ್ತುಗಳಿಂದಲೇ ಮಾಡಬಹುದಾದ ಚಟುವಟಿಕೆಗಳಿದ್ದರೆ, ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು. ಹೊಟ್ಟೆ ತುಂಬ ಹಾಕಿದರೆ ಸಾಲದೇ, ನಾಯಿಗೆ ಆಟವನ್ನೂ ಆಡಿಸಬೇಕೇ ಎಂದು ನಮ್ಮ ಮಾವ ಕೇಳುತ್ತಿದ್ದಾರೆ. ಅವರಿಗೆ ಒಪ್ಪಿಗೆಯಾಗುವ ಉತ್ತರವೂ ನನಗೆ ಬೇಕಾಗಿದೆ.

ಉತ್ತರ: ಹಳೆಚಾವಡಿ, ನೀರ್ಚಾಲು

ತಮ್ಮ ಮಾವನವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ಸುಲಭ. ಆಟವೆಂಬುದನ್ನು ಊಟಕ್ಕಿಂತ ಬೇರೆಯಾಗಿ ಕೊಡಬೇಕಾಗಿಲ್ಲ. ಈಗ ಹಾಕುತ್ತಿರುವ ಊಟವನ್ನೇ ನಾಯಿ ಹುಡುಕಿ, ಬಿಡಿಸಿ, ನೆಕ್ಕಿ ತಿನ್ನುವಂತೆ ಮಾಡಿದರಾಯಿತು. ತಟ್ಟೆಗೆ ಸುರಿದ ಅನ್ನ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಆಮೇಲೆ ಅದಕ್ಕೆ ಸಂಜೆಯವರೆಗೆ ಮಾಡಲು ಏನೂ ಇರುವುದಿಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು 50ರಿಂದ 60 ಲಕ್ಷ ಇದ್ದರೆ, ನಾಯಿಯ ಮೂಗಿನಲ್ಲಿ ಅವು 10 ಕೋಟಿಯನ್ನೂ ಮೀರುತ್ತವೆ. ಅಂತಹ ಮೂಗಿರುವ ಪ್ರಾಣಿಗೆ ದಿನವಿಡೀ ಅದೇ ಕಂಬ, ಅದೇ ಗೋಡೆ, ಅದೇ ತಟ್ಟೆ ಎಂದಾದಾಗ ಅದು ತನಗೆ ತೋಚಿದ ಕೆಲಸವನ್ನು ಹುಡುಕಿಕೊಳ್ಳುತ್ತದೆ. ತಮ್ಮ ಮನೆಯಲ್ಲಿ ಅದಕ್ಕೆ ಸಿಕ್ಕಿದ್ದು ಪೈಪು.

1963ರಲ್ಲಿ ಗ್ಲೆನ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞ ಇಲಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಪಕ್ಕದಲ್ಲೇ ಬಟ್ಟಲು ತುಂಬ ಆಹಾರವಿದ್ದರೂ, ಹೆಚ್ಚಿನ ಇಲಿಗಳು ಸನ್ನೆಕೋಲನ್ನು ಒತ್ತಿ ಒಂದೊಂದೇ ಕಾಳನ್ನು ಪಡೆದು ತಿನ್ನುವುದನ್ನೂ ಆರಿಸಿಕೊಂಡವು. ಬಳಿಕ ಹಲವು ಪ್ರಾಣಿಪಕ್ಷಿಗಳಲ್ಲಿ ಇದೇ ಒಲವು ಕಂಡುಬಂದಿತು. ನಾಯಿಗಳಲ್ಲಿ ಮಾತ್ರ ಇದು ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ. ಕೆಲವು ನಾಯಿಗಳು ಉತ್ಸಾಹದಿಂದ ಹುಡುಕುತ್ತವೆ, ಕೆಲವು ನಮ್ಮ ಮುಖ ನೋಡಿ ಸುಮ್ಮನೆ ಕೂರುತ್ತವೆ. ಆದುದರಿಂದ ಏನನ್ನೇ ಮಾಡಿದರೂ ಮೊದಲ ಸಲ ತೀರಾ ಸುಲಭವಾಗಿಯೇ ಇಡಬೇಕು.

ಈಗ ಅನ್ನದ ವಿಷಯ. ಮಜ್ಜಿಗೆ ಕಲಸಿದ ಅನ್ನವನ್ನು ಚೆಲ್ಲಲಾಗುವುದಿಲ್ಲ ಎಂಬುದು ನಿಜ, ಆದರೆ ಅದನ್ನು ಸವರಬಹುದು. ಅನ್ನವನ್ನು ಗಟ್ಟಿ ಮೊಸರು ಮತ್ತು ಉಪ್ಪಿಲ್ಲದೆ ಬೇಯಿಸಿದ ಸಿಹಿಗುಂಬಳದೊಂದಿಗೆ ಚೆನ್ನಾಗಿ ಕಿವುಚಿ, ತೆಂಗಿನ ಗೆರಟೆಯ ಒಳಮೈಗೆ ಒತ್ತಿ ಸವರಿ, ರಾತ್ರಿ ಫ್ರಿಡ್ಜಿನ ಮೇಲಿನ ಖಾನೆಯಲ್ಲಿಟ್ಟರೆ ಬೆಳಗ್ಗೆ ಗಟ್ಟಿಯಾಗಿರುತ್ತದೆ. ಅದನ್ನು ನೆಕ್ಕಿ ಮುಗಿಸಲು ನಾಯಿಗೆ ಬಹಳ ಹೊತ್ತು ಬೇಕು. ಕರೆಂಟು ಹೋದ ದಿನ ಹಾಗೆಯೇ ಸವರಿ ಕೊಟ್ಟರೂ ತಟ್ಟೆಗಿಂತ ಎಷ್ಟೋ ಮೇಲು. ಗೆರಟೆಯ ಹೊರಮೈಯ ನಾರನ್ನು ಮೊದಲೇ ಕತ್ತಿಯಿಂದ ಹೆರೆದು, ಅಂಚನ್ನು ಕಲ್ಲಿಗೆ ಉಜ್ಜಿ ನಯಗೊಳಿಸಬೇಕು. ಚೆಲ್ಲಿ ಹುಡುಕಿಸುವುದಕ್ಕೆ ನನ್ನ ಪ್ರಕಾರ ಹಿಂದಿನ ದಿನದ ಇಡ್ಲಿಗಿಂತ ಒಳ್ಳೆಯ ವಸ್ತುವಿಲ್ಲ. ಬೆರಳಿನ ಉಗುರಿನಷ್ಟು ತುಂಡು ಮಾಡಿದರೆ ಅದು ಅಂಟುವುದಿಲ್ಲ, ಪುಡಿಯಾಗುವುದಿಲ್ಲ, ಹುಳಿಯ ವಾಸನೆಯಿಂದಾಗಿ ನಾಯಿಗೆ ಬೇಗ ಗೊತ್ತಾಗುತ್ತದೆ. ಬೇಯಿಸಿದ ಗೆಣಸೂ ಆಗುತ್ತದೆ, ಸ್ವಲ್ಪ ಆರಿಸಿಕೊಳ್ಳಬೇಕು.

ಹುಡುಕಿಸುವ ಚಾಪೆಯನ್ನು ಸ್ನಫಲ್ ಮ್ಯಾಟ್ ಎಂದು ಮಾರುತ್ತಾರೆ. ಮನೆಯಲ್ಲಿ ಮಾಡಲು ಖರ್ಚು ಕಡಿಮೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ತೂತುಗಳಿರುವ ರಬ್ಬರಿನ ಕಾಲೊರಸುವ ಚಾಪೆಯೊಂದನ್ನು ತರಬೇಕು. ಹಳೆಯ ಹತ್ತಿಯ ಪಂಚೆಯನ್ನೋ ಸೀರೆಯನ್ನೋ ಎರಡು ಬೆರಳು ಅಗಲ, ಒಂದು ಗೇಣು ಉದ್ದದ ಪಟ್ಟಿಗಳಾಗಿ ಹರಿದು, ಒಂದು ತೂತಿನಿಂದ ಹೊಗಿಸಿ ಪಕ್ಕದ ತೂತಿನಿಂದ ಹೊರತೆಗೆದು, ಮೇಲ್ಗಡೆ ಬಿಗಿಯಾದ ಗಂಟು ಹಾಕಬೇಕು. ಎಲ್ಲ ತೂತುಗಳೂ ತುಂಬಿದಾಗ ಚಾಪೆ ಹುಲ್ಲು ಬೆಳೆದ ಗದ್ದೆಯ ಹುಣಿಯಂತೆ ದಟ್ಟವಾಗುತ್ತದೆ. ಪಟ್ಟಿಗಳ ನಡುವೆ ಇಡ್ಲಿಯ ತುಂಡುಗಳನ್ನು ಉದುರಿಸಿ ನಾಯಿಯ ಮುಂದಿಟ್ಟರೆ ಅದು ಕಣ್ಣಿನಿಂದ ಕಂಡು ತಿನ್ನುವಂತಿಲ್ಲ, ಮೂಗನ್ನೇ ಬಳಸಬೇಕು. ಮುಗಿದ ಕೂಡಲೇ ಚಾಪೆಯನ್ನು ಎತ್ತಿಡಿ; ಅಲ್ಲೇ ಬಿಟ್ಟರೆ ಅದೂ ಗೋಣಿಯ ಗತಿಯನ್ನೇ ಕಾಣುತ್ತದೆ. ಮಳೆಗಾಲದಲ್ಲಿ ಅದು ಒಣಗುವುದು ಕಷ್ಟವಾದುದರಿಂದ ಎರಡು ಚಾಪೆಗಳಿದ್ದರೆ ಅನುಕೂಲ. ಒಂದನ್ನು ಬಚ್ಚಲೊಲೆಯ ಮೇಲ್ಗಡೆ ಹಗ್ಗಕ್ಕೆ ಹಾಕಿ ಒಣಗಿಸಬಹುದು.

ತೋಟದವರಿಗೆ ದೇವರು ಕೊಟ್ಟ ಆಟಿಕೆಯೆಂದರೆ ಅಡಿಕೆ ಹಾಳೆ. ಬಿದ್ದ ಹಾಳೆಯನ್ನು ತೊಳೆದು, ಸ್ವಲ್ಪ ಹೊತ್ತು ನೀರಿನಲ್ಲಿಟ್ಟು ಮೆದುಮಾಡಿ, ಮುಟ್ಟಾಳೆಗೆ (ಹಾಳೆಯ ಟೊಪ್ಪಿಗೆ) ಮಡಚುವಂತೆ ಎರಡೂ ಕಡೆ ಮಡಚಿ, ನಡುವೆ ಅನ್ನದ ಉಂಡೆಯನ್ನಿಟ್ಟು ಬಾಳೆನಾರಿನಿಂದ ಕಟ್ಟಬೇಕು. ಮೊದಲ ಕೆಲವು ಸಲ ಕಟ್ಟದೆ, ಬರಿಯ ಮಡಚಿ ಕೊಡಿ. ಅದನ್ನು ಬಿಡಿಸಲು ಕಲಿತ ಮೇಲೆ ಒಂದು ಗಂಟು. ಮತ್ತೆ ಅದನ್ನು ಒಂದು ರಟ್ಟಿನ ಪೆಟ್ಟಿಗೆಯೊಳಗೆ, ಹರಿದ ಕಾಗದದ ನಡುವೆ ಇಟ್ಟು ಕೊಡಿ. ಹರಿಯುವ ಆಸೆ ನಾಯಿಗೆ ಹುಟ್ಟುಗುಣ. ಹರಿಯಬಾರದು ಎನ್ನುವುದಕ್ಕಿಂತ, ಇದನ್ನು ಹರಿ ಎಂದು ಹಾಳೆಯನ್ನೇ ಮುಂದಿಡುವುದು ಒಳ್ಳೆಯದು. ಚಪ್ಪಲಿ ಉಳಿಯುವುದು ಹಾಗೆ.

ಇನ್ನೊಂದು ಆಟಕ್ಕೆ ಏನೂ ಬೇಡ. ಮೂರು ಗೆರಟೆಗಳನ್ನು ಜಗಲಿಯಲ್ಲಿ ಸಾಲಾಗಿ ಕವುಚಿ, ನಾಯಿ ನೋಡುತ್ತಿರುವಾಗಲೇ ಒಂದರ ಅಡಿಯಲ್ಲಿ ತಿಂಡಿಯನ್ನಿಡಿ. ಸರಿಯಾದ ಗೆರಟೆಯನ್ನು ಅದು ಮೂಗಿನಿಂದಲೋ ಕಾಲಿನಿಂದಲೋ ಮುಟ್ಟಿದಾಗ ಎತ್ತಿ ಕೊಡಿ. ಕಲಿತ ಮೇಲೆ ಅದು ನೋಡದಂತೆ ಇಡಿ. ಆಗ ಕಣ್ಣಿನ ಕೆಲಸ ಹೋಗಿ ಮೂಗಿನ ಕೆಲಸ ಉಳಿಯುತ್ತದೆ. ಗದ್ದೆಯ ಹುಲ್ಲು, ತೋಟದ ತರಗೆಲೆ, ಕೊಟ್ಟಿಗೆಯ ಬೈಹುಲ್ಲು ಇವುಗಳನ್ನು ಒಂದೊಂದು ದಿನ ಒಂದೊಂದರಂತೆ ಪೆಟ್ಟಿಗೆಯಲ್ಲಿ ತುಂಬಿಸಿ ಮೂಸಲು ಕೊಟ್ಟರೆ, ಹೊರಗೆ ಹೋಗಲಾಗದ ನಾಯಿಗೆ ಹೊರಗಿನ ಸುದ್ದಿ ಮನೆಗೇ ಬಂದಂತಾಗುತ್ತದೆ.

ಯಾವ ಆಟವನ್ನೇ ಆಗಲಿ ಕಾಲು ಗಂಟೆಗಿಂತ ಹೆಚ್ಚು ಎಳೆಯಬೇಡಿ. ನಾಯಿ ಬಿಟ್ಟುಹೋದರೆ, ಬೊಗಳಲು ತೊಡಗಿದರೆ, ಅದು ಕಷ್ಟವಾಯಿತೆಂದು ಅರ್ಥ. ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಸುಲಭ ಮಾಡಿ.

ಉತ್ತರ: ಪಶುವೈದ್ಯೆ, ಮಂಜೇಶ್ವರ

ಮೇಲಿನ ವಿವರಣೆ ಹೆಚ್ಚಿನ ಮಟ್ಟಿಗೆ ಸರಿಯಾಗಿದೆ. ಒಂದನ್ನು ಮಾತ್ರ ನಾನು ಒಪ್ಪಲಾರೆ. ತೋಟದ ತರಗೆಲೆಯನ್ನೂ ಕೊಟ್ಟಿಗೆಯ ಬೈಹುಲ್ಲನ್ನೂ ಹಾಗೆಯೇ ತಂದು ನಾಯಿಯ ಮೂಗಿನ ಮುಂದೆ ಇಡುವುದು ಮಳೆಗಾಲದಲ್ಲಿ ತಕ್ಕುದಲ್ಲ. ಬೈಹುಲ್ಲಿನಲ್ಲಿ ಉಣ್ಣಿ, ತರಗೆಲೆಯಲ್ಲಿ ಚೇಳು, ಕೆಲವೊಮ್ಮೆ ಹಾವಿನ ಮರಿಯೂ ಇರಬಹುದು. ಕೊಳಕುಮಂಡಲ ತರಗೆಲೆಯ ನಡುವೆ ಕಣ್ಣಿಗೇ ಬೀಳುವುದಿಲ್ಲ, ಅದು ಕಚ್ಚಿದ ನಾಯಿಗಳ ಮುಖವೇ ಊದಿಕೊಂಡಿರುತ್ತದೆ, ಏಕೆಂದರೆ ನಾಯಿ ಮೊದಲು ಮುಂದೊಡ್ಡುವುದು ಮೂಗನ್ನು. ಹಳೆಯ ದಿನಪತ್ರಿಕೆಯನ್ನು ಹರಿದು ಉಂಡೆಮಾಡಿ ಪೆಟ್ಟಿಗೆ ತುಂಬಿಸಿ, ಅಥವಾ ಎಲೆಯೇ ಬೇಕೆಂದಾದರೆ ಮರದಿಂದ ಕೊಯ್ದ ಮಾವಿನ, ಹಲಸಿನ ಎಲೆಗಳನ್ನು ಕೊಡವಿ ಹಾಕಿ.

ಅಡಿಕೆ ಹಾಳೆಯ ಬಗ್ಗೆ ನನ್ನ ಆಕ್ಷೇಪವಿಲ್ಲ, ಎಚ್ಚರಿಕೆಯಿದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದು ಈ ಕಾಲದಲ್ಲೇ. ಆ ಮದ್ದು, ಅಂದರೆ ಬೋರ್ಡೋ ದ್ರಾವಣ, ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ. ಅಡಿಕೆ ಗೊನೆಗೆ ಬಿಟ್ಟ ಮದ್ದು ಹಾಳೆಯ ಮೇಲೂ ಬಿದ್ದು ನೀಲಿಯಾಗಿ ಅಂಟಿಕೊಂಡಿರುತ್ತದೆ. ತಾಮ್ರದ ಅಂಶ ಹೊಟ್ಟೆಗೆ ಹೋದರೆ ನಾಯಿಗೆ ವಾಂತಿ, ಭೇದಿ ಆಗುತ್ತದೆ. ಹೆಚ್ಚಾದರೆ ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುತ್ತದೆ. ಆದುದರಿಂದ ಮದ್ದು ಬಿಡುವ ಮೊದಲೇ ಬೇಕಾದಷ್ಟು ಹಾಳೆಗಳನ್ನು ಹೆಕ್ಕಿ, ತೊಳೆದು, ಅಟ್ಟದಲ್ಲಿ ತೆಗೆದಿರಿಸಿಕೊಳ್ಳಿ. ಅಟ್ಟದಲ್ಲಿ ಇಲಿ ಪಾಷಾಣ ಇಟ್ಟಿದ್ದರೆ ಅಲ್ಲಿಯೂ ಬೇಡ.

ಹಾಳೆ ಕೊಡಬಹುದು, ಅಡಿಕೆ ಕೊಡಬಾರದು. ಕೆಲವರು ಒಣ ಅಡಿಕೆಯನ್ನು ಚೆಂಡಿನಂತೆ ಉರುಳಿಸಿ ನಾಯಿಯನ್ನು ಆಡಿಸುವುದನ್ನು ನೋಡಿದ್ದೇನೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸಾರ ನಾಯಿಯ ಕರುಳನ್ನು ಬಲವಾಗಿ ಹಿಂಡುತ್ತದೆ. ಈಗಿನ ಮದ್ದುಗಳು ಬರುವ ಮೊದಲು ನಾಯಿಗಳ ಲಾಡಿಹುಳುವನ್ನು ಹೊರಹಾಕಲು ಇದೇ ಅರೆಕೊಲಿನನ್ನು ಭೇದಿಮದ್ದಾಗಿ ಕೊಡುತ್ತಿದ್ದರು. ಜೊಲ್ಲು, ವಾಂತಿ, ಭೇದಿ, ಉಸಿರಾಟದ ತೊಂದರೆ ಇವೆಲ್ಲ ಅದರ ಜೊತೆಯಲ್ಲೇ ಬರುತ್ತಿದ್ದುದರಿಂದ ಆ ಪದ್ಧತಿ ಬಿಟ್ಟುಹೋಯಿತು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮ ಕೈಯನ್ನು ಸುಡುವಂತೆಯೇ ನಾಯಿಯ ಬಾಯಿಯನ್ನೂ ಸುಡುತ್ತದೆ. ತೆಂಗಿನಕಾಯಿಯ ಸಿಪ್ಪೆಯನ್ನು ಕಚ್ಚಲು ಕೊಡುವುದು ಸಾಮಾನ್ಯ. ನಾರನ್ನು ನುಂಗುವ ಸ್ವಭಾವದ ನಾಯಿಯಾದರೆ ಅದು ಕರುಳಿನಲ್ಲಿ ಉಂಡೆಕಟ್ಟಿ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಬಟ್ಟೆಯ ಪಟ್ಟಿಗೂ ಇದೇ ಮಾತು. ಪ್ಲಾಸ್ಟಿಕ್ ಬಾಟಲಿಯೊಳಗೆ ತಿಂಡಿ ಹಾಕಿ ಉರುಳಿಸಲು ಕೊಡುವವರು ಮುಚ್ಚಳವನ್ನೂ ಅದರ ಕೆಳಗಿನ ಬಳೆಯನ್ನೂ ಮೊದಲೇ ತೆಗೆಯಬೇಕು; ಬಾಟಲಿ ಒಡೆದು ಚೂಪಾದ ಕೂಡಲೇ ಎಸೆಯಬೇಕು. ಒಟ್ಟಿನಲ್ಲಿ, ಹೊಸ ವಸ್ತುವನ್ನು ಕೊಟ್ಟು ತೋಟಕ್ಕೆ ಹೋಗುವಂತಿಲ್ಲ. ನಾಯಿ ಅದನ್ನು ಹರಿದು ಬಿಸಾಡುವುದೋ, ಹರಿದು ನುಂಗುವುದೋ ಎಂಬುದನ್ನು ಎದುರಿನಲ್ಲೇ ಕೂತು ನೋಡಿಕೊಳ್ಳಬೇಕು.

ನೀರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಇವು ನಾಯಿಗೆ ವಿಷ. ಸಾಂಬಾರು ಕಲಸಿದ ಅನ್ನದಲ್ಲಿ ನೀರುಳ್ಳಿ ಸೇರಿರುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಆಟಕ್ಕೆಂದು ಕೊಡುವ ವಿಶೇಷ ತಿಂಡಿ ದಿನದ ಆಹಾರದ ಹತ್ತನೆಯ ಒಂದು ಪಾಲನ್ನು ಮೀರಬಾರದು. ಉಳಿದದ್ದು ಅದರ ದಿನದ ಊಟದಿಂದಲೇ ಬರಬೇಕು. ಊಟದ ಬಗ್ಗೆ ಕೇಳದಿದ್ದರೂ ಒಂದು ಮಾತು ಹೇಳಬೇಕಾಗಿದೆ. ತೋಳಕ್ಕಿಂತ ನಾಯಿಗೆ ಪಿಷ್ಟವನ್ನು ಜೀರ್ಣಿಸುವ ಶಕ್ತಿ ಹೆಚ್ಚೆಂಬುದನ್ನು 2013ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿಕೊಟ್ಟಿದೆ, ಹಾಗಾಗಿ ಅನ್ನ ಅದಕ್ಕೆ ಕರಗುತ್ತದೆ. ಆದರೆ ಅನ್ನ ಮತ್ತು ಮಜ್ಜಿಗೆಯಲ್ಲಿ ನಾಯಿಗೆ ಬೇಕಾದಷ್ಟು ಸಸಾರಜನಕ, ಕೊಬ್ಬು, ಸುಣ್ಣದ ಅಂಶ ಸಿಗುವುದಿಲ್ಲ. ಮನೆಯೊಳಗೆ ಮೊಟ್ಟೆ ಬೇಯಿಸುವುದು ಆಗದಿದ್ದರೆ, ಪನೀರ್, ಬೇಯಿಸಿದ ಬೇಳೆ, ಮತ್ತು ತಮ್ಮ ಪಶುವೈದ್ಯರು ಸೂಚಿಸುವ ಪೂರಕಗಳನ್ನು ಸೇರಿಸಿಕೊಳ್ಳಿ. ಹಸಿದ ದೇಹದ ಚಡಪಡಿಕೆಯನ್ನು ಆಟದಿಂದ ಕಳೆಯಲಾಗುವುದಿಲ್ಲ.

ಕೊನೆಯದಾಗಿ ಆ ಸುತ್ತುವಿಕೆ. ಕಟ್ಟಿಹಾಕಿದ, ಕೂಡಿಹಾಕಿದ ಪ್ರಾಣಿಗಳಲ್ಲಿ ಒಂದೇ ಚಲನೆ ಮರುಕಳಿಸುತ್ತ ಹೋಗುವುದು ಬಹುಕಾಲದ ಬೇಸರದ ಗುರುತು. ಮೃಗಾಲಯಗಳಲ್ಲಿ ಕರಡಿ, ಹುಲಿಗಳ ಆಹಾರವನ್ನು ಮರದ ದಿಮ್ಮಿಯೊಳಗೆ ಅಡಗಿಸಿಡುವ ಕ್ರಮ ಬಂದದ್ದೂ ಇದೇ ಕಾರಣಕ್ಕೆ. ಇದು ಅಭ್ಯಾಸವಾಗಿ ಗಟ್ಟಿಗೊಂಡ ಮೇಲೆ ಬಿಡಿಸುವುದು ಕಷ್ಟ. ತಾವು ಈಗಲೇ ಕೇಳಿದ್ದು ಒಳ್ಳೆಯದಾಯಿತು.

ಉತ್ತರ: ಕಡಲಬದಿ, ಉಪ್ಪಳ

ಹಾಳೆ, ಗೆರಟೆ, ಚಾಪೆ ಎಲ್ಲವೂ ಇರಲಿ, ಆದರೆ ಮೂಲ ಕಾರಣ ಸಂಕೋಲೆ ಎಂಬುದನ್ನು ಯಾರಾದರೂ ನೇರವಾಗಿ ಹೇಳಬೇಕು. ಹಗಲಿಡೀ ಒಂದು ಕಂಬಕ್ಕೆ ಕಟ್ಟಿದ ನಾಯಿಗೆ ಕಾಲು ಗಂಟೆಯ ಆಟ ಕೊಟ್ಟು, ಉಳಿದ ಹೊತ್ತನ್ನು ಹಾಗೆಯೇ ಬಿಟ್ಟರೆ ಪ್ರಯೋಜನ ಅಲ್ಪ. ಅಂಗಳಕ್ಕೆ ಬೇಲಿ ಇಲ್ಲದಿದ್ದರೆ, ಜಗಲಿಯ ಎರಡು ಕಂಬಗಳ ನಡುವೆ ದಪ್ಪ ಸರಿಗೆಯನ್ನು ಬಿಗಿದು, ಸಂಕೋಲೆಯ ಬಳೆ ಅದರ ಮೇಲೆ ಜಾರುವಂತೆ ಮಾಡಿದರೆ ಕನಿಷ್ಠ ಅತ್ತಿತ್ತ ನಡೆದಾಡಲಾದರೂ ಆಗುತ್ತದೆ. ಸರಿಗೆಯ ಎರಡೂ ತುದಿಗಳಲ್ಲಿ ತಡೆ ಇರಬೇಕು, ಇಲ್ಲವಾದರೆ ಸಂಕೋಲೆ ಕಂಬಕ್ಕೆ ಸುತ್ತಿಕೊಳ್ಳುತ್ತದೆ.

ಇನ್ನು ಮಳೆಯ ಮಾತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಮಳೆ ಬಿಡಲೆಂದು ಕಾದರೆ ನಾಯಿ ಸೆಪ್ಟೆಂಬರಿನವರೆಗೆ ಕಾಯಬೇಕು. ಮಳೆಯ ಹೆದರಿಕೆ ನಮಗೆ, ನಾಯಿಗಲ್ಲ. ಆಟಿ ತಿಂಗಳ ಜೋರು ಮಳೆಯಲ್ಲೂ ನಡುವೆ ಒಂದಷ್ಟು ಹೊಳವು ಇದ್ದೇ ಇರುತ್ತದೆ. ಆಗ ಉದ್ದನೆಯ ಹಗ್ಗ ಹಾಕಿ, ಮಾರ್ಗದ ಬದಿಯಲ್ಲಿ ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಂತು, ಅದಕ್ಕೆ ಬೇಕಾದಷ್ಟು ಮೂಸಲು ಬಿಡಿ. ದೂರ ಹೋಗಬೇಕೆಂದಿಲ್ಲ. ಮಳೆ ನಿಂತ ನೆಲದಿಂದ ಏಳುವ ವಾಸನೆಗಳು ಬೇಸಿಗೆಯ ಒಣ ನೆಲಕ್ಕಿಂತ ಹೆಚ್ಚು. ಎಳೆದೆಳೆದು ನಡೆಸಿದ ಎರಡು ಕಿಲೋಮೀಟರಿಗಿಂತ, ಮೂಸಲು ಬಿಟ್ಟ ಇನ್ನೂರು ಮೀಟರು ನಾಯಿಯನ್ನು ಹೆಚ್ಚು ದಣಿಸುತ್ತದೆ ಎಂಬುದು ನನ್ನ ಅನಿಸಿಕೆ.

ಪಶುವೈದ್ಯೆ, ಮಂಜೇಶ್ವರ

ಉಪ್ಪಳದವರ ಮಾತಿಗೆ ನನ್ನ ಸಹಮತವಿದೆ. ಒಂದು ಸೇರ್ಪಡೆ: ನಿಂತ ನೀರನ್ನು ಕುಡಿಯಲು ಬಿಡಬೇಡಿ. ಇಲಿಜ್ವರದ ರೋಗಾಣು ಇಲಿಯ ಮೂತ್ರದಿಂದ ಇಂತಹ ನೀರಿಗೆ ಸೇರುತ್ತದೆ, ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ಅದಕ್ಕೆ ಲಸಿಕೆಯಿದೆ, ವರ್ಷಕ್ಕೊಮ್ಮೆ ಹಾಕಿಸಬೇಕು. ಮನೆಗೆ ಬಂದ ಮೇಲೆ ಬೆರಳುಗಳ ಸಂದನ್ನು ಒರಸಿ ಒಣಗಿಸಿ. ಮೂಸುವ ವಿಷಯದಲ್ಲಿ 2019ರ ಅಧ್ಯಯನವೊಂದು ಇಲ್ಲಿ ಪ್ರಸ್ತುತವಾಗಿದೆ. ಶಾರ್ಲೊಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೋವಿಟ್ಜ್ ಅವರು ಕೆಲವು ನಾಯಿಗಳಿಗೆ ಎರಡು ವಾರ ಮೂಗಿನಿಂದ ಹುಡುಕುವ ಅಭ್ಯಾಸವನ್ನೂ, ಇನ್ನು ಕೆಲವಕ್ಕೆ ಯಜಮಾನನ ಪಕ್ಕದಲ್ಲಿ ಶಿಸ್ತಾಗಿ ನಡೆಯುವ ಅಭ್ಯಾಸವನ್ನೂ ಕೊಟ್ಟರು. ಬಳಿಕ, ತಿಂಡಿ ಇರಬಹುದು ಅಥವಾ ಇಲ್ಲದಿರಬಹುದು ಎಂಬಂತಹ ಬಟ್ಟಲನ್ನು ಇಟ್ಟಾಗ, ಹುಡುಕಿ ಅಭ್ಯಾಸವಾದ ನಾಯಿಗಳು ಮೊದಲಿಗಿಂತ ಬೇಗ ಅದರತ್ತ ಹೋದವು. ಎಂದರೆ, ಅಲ್ಲಿ ಒಳ್ಳೆಯದೇ ಇರುತ್ತದೆ ಎಂಬ ನಿರೀಕ್ಷೆ ಅವುಗಳಲ್ಲಿ ಹೆಚ್ಚಿತ್ತು. ಶಿಸ್ತಾಗಿ ನಡೆದ ನಾಯಿಗಳಲ್ಲಿ ಈ ಬದಲಾವಣೆ ಕಾಣಲಿಲ್ಲ.

ತೋಟದಂಚು, ಬದಿಯಡ್ಕ

ಎಲ್ಲರಿಗೂ ಕೃತಜ್ಞತೆಗಳು. ಇಡ್ಲಿಯ ತುಂಡುಗಳನ್ನು ಹಳೆಯ ಗೋಣಿಯ ಮಡಿಕೆಗಳಲ್ಲಿಟ್ಟು ಕೊಟ್ಟು ನೋಡಿದೆ. ಮುಗಿಸಿದ ಮೇಲೆ ಅದು ಮಲಗಿ ನಿದ್ರಿಸಿತು, ನವಿಲಿನ ಕೂಗಿಗೂ ಏಳಲಿಲ್ಲ. ಮದ್ದು ಬಿಡುವವರು ಮುಂದಿನ ವಾರ ಬರುವವರಿದ್ದಾರೆ, ಆದುದರಿಂದ ಹಾಳೆಗಳನ್ನು ಇಂದೇ ಹೆಕ್ಕಿ ತೊಳೆದಿಟ್ಟಿದ್ದೇವೆ. ಮಾವನವರು ತಾವಾಗಿಯೇ ಜಗಲಿಯ ಕಂಬಗಳ ನಡುವೆ ಸರಿಗೆ ಬಿಗಿಯಲು ಅಳತೆ ನೋಡಿದ್ದಾರೆ.

ಇನ್ನೆರಡು ಸಂದೇಹಗಳಿವೆ. ನೆಲದಿಂದ ಹುಡುಕಿ ತಿನ್ನುವುದನ್ನು ನಾವೇ ಕಲಿಸಿದರೆ, ತೋಟದಲ್ಲಿ ಬಿದ್ದದ್ದನ್ನೆಲ್ಲ ತಿನ್ನುವ ಚಾಳಿ ಹಿಡಿಯುವುದಿಲ್ಲವೇ? ಕಾಡುಹಂದಿಯನ್ನು ಕೊಲ್ಲಲೆಂದು ಯಾರಾದರೂ ಇಟ್ಟ ವಸ್ತುವಿಗೆ ಬಾಯಿ ಹಾಕಿದರೆ ಎಂಬ ಭಯ ನಮಗಿದೆ. ಎರಡನೆಯದಾಗಿ, ಗೋಣಿಯನ್ನು ಹಿಂದಕ್ಕೆ ತೆಗೆಯಲು ಹೋದಾಗ ಅದು ಸಣ್ಣಗೆ ಗುರುಗುಟ್ಟಿತು. ಇದುವರೆಗೆ ಹೀಗೆ ಮಾಡಿದ್ದಿಲ್ಲ.

ಉತ್ತರ: ಮೂರನೇ ಮಾಳಿಗೆ, ಕಾಸರಗೋಡು ಪೇಟೆ

ನಾವು ಪೇಟೆಯ ಫ್ಲ್ಯಾಟಿನಲ್ಲಿ ನಾಯಿ ಸಾಕುವವರಾದುದರಿಂದ ಹಾಳೆ, ಗೋಣಿಗಳ ಭಾಗ್ಯ ನಮಗಿಲ್ಲ. ನಮ್ಮ ಆಟಗಳೆಲ್ಲ ಮಾತಿನಿಂದಲೇ ನಡೆಯುತ್ತವೆ. ತಮ್ಮ ಮೊದಲ ಸಂದೇಹಕ್ಕೂ ಅಲ್ಲೇ ಉತ್ತರವಿದೆ. ಹುಡುಕುವ ಆಟಕ್ಕೆ ಒಂದು ಆಜ್ಞೆ ಇರಲಿ, ಉದಾಹರಣೆಗೆ "ಹುಡುಕು". ಆ ಮಾತು ಕಿವಿಗೆ ಬಿದ್ದ ಮೇಲೆ, ಚಾಪೆ ಅಥವಾ ಗೋಣಿ ಮುಂದೆ ಬಂದ ಮೇಲೆ ಮಾತ್ರ ತಿಂಡಿ ಸಿಗುತ್ತದೆ ಎಂಬುದು ಅದಕ್ಕೆ ಮನದಟ್ಟಾಗಬೇಕು. ತಿಂಡಿಯನ್ನು ಬರಿಯ ನೆಲದಲ್ಲಿ, ಅಂಗಳದಲ್ಲಿ, ತೋಟದಲ್ಲಿ ಎಂದೂ ಚೆಲ್ಲಬೇಡಿ. ಅದರ ಜೊತೆಗೆ "ಬಿಡು" ಎಂಬುದನ್ನೂ ಕಲಿಸಿ: ಮುಷ್ಟಿಯಲ್ಲಿ ಸಪ್ಪೆ ತಿಂಡಿಯೊಂದನ್ನು ಹಿಡಿದು ಮುಂದೊಡ್ಡಿ, ಅದು ಮೂಸಿ, ನೆಕ್ಕಿ, ಕೊನೆಗೆ ಮುಖವನ್ನು ಹಿಂದಕ್ಕೆ ತೆಗೆದ ಕ್ಷಣದಲ್ಲಿ ಇನ್ನೊಂದು ಕೈಯಿಂದ ಹೆಚ್ಚು ರುಚಿಯ ತಿಂಡಿಯನ್ನು ಕೊಡಿ. ಮುಷ್ಟಿಯಲ್ಲಿದ್ದುದನ್ನು ಕೊಡಬಾರದು. ಮುಷ್ಟಿಯಲ್ಲಿ ಸರಿಯಾದ ಮೇಲೆ ನೆಲದಲ್ಲಿಟ್ಟು ಅಂಗೈ ಮುಚ್ಚಿ, ಆಮೇಲೆ ಅಂಗೈ ತೆಗೆದು, ಕೊನೆಗೆ ಹಗ್ಗ ಹಾಕಿ ನಡೆಯುವ ದಾರಿಯಲ್ಲಿ ಅಭ್ಯಾಸ ಮಾಡಿಸಬೇಕು. ಹಂದಿಗೆ ಇಟ್ಟದ್ದರ ಭಯವಿರುವ ಜಾಗಕ್ಕೆ ಮಾತ್ರ ಎಷ್ಟು ಕಲಿತ ನಾಯಿಯನ್ನಾದರೂ ಹಗ್ಗವಿಲ್ಲದೆ ಬಿಡಬೇಡಿ. ಇದರಲ್ಲಿ ನಾಯಿಯ ವಿವೇಕವನ್ನು ನಂಬುವುದು ಸಲ್ಲದು.

ನಮ್ಮ ಕಡೆಯ ಮನೆಗಳಲ್ಲಿ ಒಬ್ಬರು ಕನ್ನಡ, ಒಬ್ಬರು ತುಳು, ಕೆಲಸಕ್ಕೆ ಬರುವವರು ಮಲಯಾಳ ಮಾತಾಡುವುದು ಸಾಮಾನ್ಯ. ನಾಯಿಗೆ ಯಾವ ಭಾಷೆಯಾದರೂ ಒಂದೇ, ಆದರೆ ಒಂದು ಕೆಲಸಕ್ಕೆ ಎಲ್ಲರೂ ಒಂದೇ ಶಬ್ದವನ್ನು ಬಳಸಬೇಕು. ಆಟಿಕೆಗಳಿಗೂ ಹೆಸರಿಡಬಹುದು. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ 1,022 ವಸ್ತುಗಳ ಹೆಸರನ್ನು ಗುರುತಿಸುತ್ತಿತ್ತೆಂದು ಅದನ್ನು ಕಲಿಸಿದ ಜಾನ್ ಪಿಲ್ಲಿ ಮತ್ತು ಸಹಲೇಖಕ 2011ರಲ್ಲಿ ಪ್ರಕಟಿಸಿದರು. ನಮ್ಮ ನಾಯಿಗಳಿಗೆ ನಾಲ್ಕೈದು ಹೆಸರುಗಳಾದರೂ ಸಾಕಷ್ಟು ಕೆಲಸವಾಯಿತು. ಮೊದಲು ಒಂದೇ ವಸ್ತುವನ್ನಿಟ್ಟು, ಹೆಸರು ಹೇಳಿ, ತಂದಾಗ ತಿಂಡಿ. ಅದು ಗಟ್ಟಿಯಾದ ಮೇಲೆ ಪಕ್ಕದಲ್ಲಿ ಎರಡನೆಯದು. ಮಳೆ ಜೋರಾಗಿ ಸುರಿಯುತ್ತಿರುವಾಗ ಜಗಲಿಯಲ್ಲಿ ಆಡಿಸಲು ಇದು ಬಹಳ ಒಳ್ಳೆಯದು. ಚೆಂಡನ್ನು ಮತ್ತೆ ಮತ್ತೆ ಎಸೆಯುವುದನ್ನು ನಾನು ಇದರ ಸಾಲಿಗೆ ಸೇರಿಸುವುದಿಲ್ಲ. ಅದರಿಂದ ಮೈ ದಣಿಯುತ್ತದೆಯೇ ಹೊರತು ತಲೆಯ ಕಾವು ಇನ್ನೂ ಏರುತ್ತದೆ. ಆಟ ನಿಂತರೂ ಕೆಲವು ನಾಯಿಗಳು ನಿಲ್ಲುವುದಿಲ್ಲ. ನೆಕ್ಕುವುದು, ಮೂಸುವುದು, ಅಗಿಯುವುದು, ಈ ಮೂರು ಕೆಲಸಗಳು ಮನಸ್ಸನ್ನು ತಣಿಸುವಂಥವು. ತಮ್ಮ ನಾಯಿ ಆಟದ ಬಳಿಕ ನಿದ್ರಿಸಿತೆಂದರೆ ಆಯ್ಕೆ ಸರಿಯಾಗಿದೆ. ನಿದ್ರೆಯಿಂದ ಎಬ್ಬಿಸಿ ಇನ್ನೊಂದು ಆಟ ಆಡಿಸಬೇಡಿ, ಬೆಳೆದ ನಾಯಿ ದಿನದ ಅರ್ಧದಷ್ಟು ಹೊತ್ತು ಮಲಗಿಯೇ ಇರುತ್ತದೆ.

ಗುರುಗುಟ್ಟಿದ್ದಕ್ಕೆ ಗದರಿಸಬಾರದು. ಇಷ್ಟು ದಿನ ತಟ್ಟೆಯಲ್ಲಿ ಕಾಪಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ, ಈಗ ಕಷ್ಟಪಟ್ಟು ಗಳಿಸುವ ವಸ್ತು ಸಿಕ್ಕಿದೆ, ಅದನ್ನು ಕಸಿದುಕೊಳ್ಳಲು ಬಂದರೆಂದು ಅದು ತಿಳಿದಿದೆ. ಗದರಿಸಿದರೆ ಮುಂದಿನ ಸಲ ಗುರುಗುಟ್ಟದೆ ನೇರವಾಗಿ ಕಚ್ಚೀತು. ಗೋಣಿಯನ್ನು ಎಳೆಯುವ ಬದಲು, ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಹೆಸರು ಕರೆದು, ಪನೀರಿನ ಒಂದೆರಡು ತುಂಡುಗಳನ್ನು ಅದರ ತಟ್ಟೆಗೆ ಹಾಕಿ. ಅದು ತಟ್ಟೆಯತ್ತ ಬಂದಾಗ ಮನೆಯ ಇನ್ನೊಬ್ಬರು ಗೋಣಿಯನ್ನು ಎತ್ತಿಡಲಿ. ಒಬ್ಬರೇ ಇರುವಾಗ ತಟ್ಟೆಯನ್ನು ಇನ್ನಷ್ಟು ದೂರದಲ್ಲಿಡಿ, ಅಥವಾ ಅದು ತಾನಾಗಿ ಗೋಣಿಯನ್ನು ಬಿಟ್ಟು ಮಲಗುವವರೆಗೆ ಕಾಯಿರಿ. ನಡುನಡುವೆ, ಅದು ಹುಡುಕುತ್ತಿರುವಾಗಲೇ ಬಳಿಯಿಂದ ಹಾದುಹೋಗುತ್ತ, ನಿಲ್ಲದೆ, ಒಂದು ತುಂಡನ್ನು ಗೋಣಿಯ ಮೇಲೆ ಹಾಕಿ ಹೋಗಿ. ಮನುಷ್ಯರು ಹತ್ತಿರ ಬಂದರೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ ಎಂಬುದು ಕೆಲವು ವಾರಗಳಲ್ಲಿ ಅದಕ್ಕೆ ತಿಳಿಯುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಹೊತ್ತಿನಲ್ಲಿ ಅವರನ್ನು ಜಗಲಿಗೆ ಬಿಡಬೇಡಿ. ಗುರುಗುಟ್ಟುವುದು ಕಡಿಮೆಯಾಗದೆ, ಹಲ್ಲು ತೋರಿಸುವ ಮಟ್ಟಕ್ಕೆ ಹೋದರೆ ಮೇಲೆ ಬರೆದ ಪಶುವೈದ್ಯರಂಥವರನ್ನು ನೇರವಾಗಿ ಕಾಣುವುದು ಒಳ್ಳೆಯದು.